ಒಂದು ಸಲಕ್ಕೆ ಒಂದೇ ಬದಲಾವಣೆ

ನಜರ್‌ಬಾದಿನ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯೇ ಅಪ್ಪನ ರೇಡಿಯೋ ರಿಪೇರಿ ಅಂಗಡಿ. ತೊಂಬತ್ತರ ದಶಕದ ಮಾತು. ಊರೆಲ್ಲ ಟಿವಿಯ ಹಿಂದೆ ಬಿದ್ದಿದ್ದರೂ ಹಳೆಯ ಸೆಟ್ಟುಗಳು ಅಪ್ಪನನ್ನು ಹುಡುಕಿಕೊಂಡು ಬರುತ್ತಲೇ ಇದ್ದವು. ಅವರ ನೇಮ ಒಂದೇ: "ಒಂದ್ಸಲಕ್ಕೆ ಒಂದೇ ಭಾಗ ಬದಲಾಯಿಸ್ಬೇಕು ಕಣಮ್ಮ. ಎರಡು ಬದಲಾಯಿಸ್ಬುಟ್ರೆ ಯಾವುದ್ರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ." ಗಿರಾಕಿ ಬಾಗಿಲಲ್ಲಿ ನಿಂತು ಗೊಣಗಿದರೂ ಅವಸರಪಡುವವರಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. ಅವರ ನಿಧಾನ ಕಂಡರೆ ಮೈ ಉರಿಯುತ್ತಿತ್ತು.

ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಅಪ್ಪನ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದಳು. ಅವರು ಬಗ್ಗಿ ಬೆಸುಗೆ ಹಾಕುವಾಗ ಸೆಟ್ಟಿನೊಳಗೆ ಟಾರ್ಚ್ ಬಿಡುವುದು ಅವಳ ಕೆಲಸ. ಬೀದಿಯ ಸುದ್ದಿಯೆಲ್ಲ ಅಲ್ಲೇ ಆಗುತ್ತಿತ್ತು.

ನಾನು ಪಿಯುಸಿಯಲ್ಲಿದ್ದಾಗ ಅಮ್ಮನಿಗೆ ಉಬ್ಬಸ ಹಿಡಿಯಿತು. ಮಲಗಲಾಗದೆ ದಿಂಬಿಗೆ ಒರಗಿ ಕೂತಿರುತ್ತಿದ್ದಳು. ಮಾತ್ರೆ ಕೊಟ್ಟ ಡಾಕ್ಟರು, "ಮನೇಲಿ ಏನೋ ಒಂದು ಇವರಿಗೆ ಆಗ್ತಿಲ್ಲ, ಅದನ್ನ ಕಂಡುಹಿಡೀರಿ" ಎಂದರು. ಬಂದವರು ತಲೆಗೊಂದು ಹೇಳಿದರು: ಮೊಸರು, ಊದುಬತ್ತಿ, ಹತ್ತಿಯ ಹಾಸಿಗೆ, ಬೆಕ್ಕು. ಎಲ್ಲವನ್ನೂ ಇವತ್ತೇ ಬಿಡಿಸೋಣ ಎಂದು ನಾನು ಕುಣಿದೆ. ಅಪ್ಪ ಒಪ್ಪಲಿಲ್ಲ. ವಾರಕ್ಕೊಂದನ್ನು ಮಾತ್ರ ಬಿಟ್ಟು ನೋಡುವುದು, ಅಮ್ಮನ ಉಸಿರು ಹೇಗಿತ್ತೆಂದು ನಾನು ದಿನವೂ ನೋಟ್‌ಬುಕ್ಕಿನಲ್ಲಿ ಬರೆಯುವುದು ಎಂದು ತೀರ್ಮಾನವಾಯಿತು. ಜೊತೆಗೆ, ಕಣ್ಣೆದುರಿಗೇ ಇರಲಿ ಎಂದು ಅಮ್ಮನನ್ನು ಬೆಳಗಿನಿಂದಲೇ ತಮ್ಮ ಪಕ್ಕ ಕೂರಿಸಿಕೊಂಡರು.

ಮೊಸರು ಹೋಯಿತು, ಊದುಬತ್ತಿ ಹೋಯಿತು, ಹಾಸಿಗೆ ಹೋಯಿತು, ಬೆಕ್ಕು ನನ್ನ ಕಣ್ಣೀರಿನೊಂದಿಗೆ ಅಶೋಕಪುರಂನ ಚಿಕ್ಕಮ್ಮನ ಮನೆ ಸೇರಿತು. ಉಬ್ಬಸ ಮಾತ್ರ ಹೆಚ್ಚುತ್ತಲೇ ಇತ್ತು. ಅಮ್ಮ ಉಳಿಯುತ್ತಾಳೋ ಇಲ್ಲವೋ ಎಂಬ ಭಯ ನನ್ನನ್ನು ತಿನ್ನುತ್ತಿತ್ತು.

ಆ ತಿಂಗಳ ಕೊನೆಗೆ ಅಪ್ಪ ನೋಟ್‌ಬುಕ್ಕನ್ನು ಮೊದಲಿನಿಂದ ಓದುತ್ತಾ ಒಂದು ಕಡೆ ಬೆರಳಿಟ್ಟರು. ಮೂರು ದಿನ ಸಾಲಾಗಿ 'ಉಬ್ಬಸ ಇಲ್ಲ' ಎಂದಿತ್ತು.

"ಈ ಮೂರು ದಿನ ಹೊಸ್ದಾಗಿ ಏನು ಬಿಟ್ಟಿದ್ವಿ?"

"ಏನೂ ಇಲ್ಲಪ್ಪ. ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟ್ ಇರ್ಲಿಲ್ಲ, ಅಷ್ಟೆ."

ಕರೆಂಟ್ ಇಲ್ಲವೆಂದರೆ ಬೆಸುಗೆ ಕಡ್ಡಿ ಕಾಯುವುದಿಲ್ಲ. ಕಡ್ಡಿ ಕಾಯದಿದ್ದರೆ ಬೆಸುಗೆಯ ರಾಳ ಸುಟ್ಟೇಳುವ ಹೊಗೆಯೂ ಇಲ್ಲ. ಅಪ್ಪ ಮೇಜಿನ ಮೇಲಿದ್ದ ಕಡ್ಡಿಯನ್ನೇ ನೋಡಿದರು. ಇಡೀ ಮನೆಯನ್ನು ಶೋಧಿಸಿದವರು ತಮ್ಮ ಮೇಜನ್ನು ಮಾತ್ರ ಪಟ್ಟಿಗೆ ಸೇರಿಸಿರಲಿಲ್ಲ.

"ನಾನೇ ಕಣಮ್ಮ," ಎಂದರು. "ಪಕ್ಕದಲ್ಲಿ ಕೂರಿಸ್ಕೊಂಡು ಹೊಗೆ ಕುಡಿಸ್ಬುಟ್ಟೆ." ಅಷ್ಟು ದಿನ ರೇಗಾಡಿದ್ದ ನನಗೆ ಅಪ್ಪನ ಮೇಲೆ ಹೇಳಲಾರದಷ್ಟು ಪ್ರೀತಿ ಉಕ್ಕಿತು.

ವಾರದೊಳಗೆ ಮೇಜು ಲಷ್ಕರ್ ಮೊಹಲ್ಲಾದ ಒಂದು ಸಣ್ಣ ಮಳಿಗೆಗೆ ಹೋಯಿತು. ಹದಿನೈದು ದಿನದಲ್ಲಿ ಅಮ್ಮ ಕಾಲು ಚಾಚಿ ಮಲಗಿ ನಿದ್ದೆ ಮಾಡಿದಳು. ಅಷ್ಟರಲ್ಲಿ ಅಪ್ಪನಿಗಿಂತ ದೊಡ್ಡ ಮೆಕ್ಯಾನಿಕ್ ಆಗಿದ್ದ ನಾನು ಕೇಳಿದೆ: "ಸೆಟ್ಟಿಗಾದ್ರೆ ಹಳೇ ಭಾಗ ಮತ್ತೆ ಹಾಕಿ ಖಾತ್ರಿ ಮಾಡ್ಕೊಳ್ತೀರ. ಇಲ್ಲೂ ಮಾಡ್ಬೇಕಲ್ವಾ?"

"ಅವಳ ಉಸಿರಿನ ಮೇಲೆ ಖಾತ್ರಿ ಮಾಡ್ಕೊಳ್ಳೋ ಅಷ್ಟು ಬುದ್ಧಿವಂತ ನಾನಲ್ಲ, ಬುಡು," ಎಂದರು.

ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಬಂದಿದ್ದಾಗ ಅಮ್ಮನನ್ನು ಎಂದಿನಂತೆ ಕೇಳಿದೆ, ಇವತ್ತು ಹೇಗಿದೆ ಎಂದು.

"ಉಸಿರಿಗೇನೂ ತೊಂದ್ರೆ ಇಲ್ಲ ಕಣೇ," ಎಂದಳು ಅಮ್ಮ, ಅಪ್ಪನ ತಟ್ಟೆಗೆ ಮಜ್ಜಿಗೆ ಬಡಿಸುತ್ತಾ. "ಮಧ್ಯಾಹ್ನ ಕಳೆಯೋದೇ ಕಷ್ಟ."

ಆ ದಿನ ಊಟವಾದ ಮೇಲೆ ಅಪ್ಪ ಮಳಿಗೆಗೆ ವಾಪಸ್ ಹೋಗಲಿಲ್ಲ.