ಗಂಜಿನ ಹಸಿರು ಬಾಗಿಲು

ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ಬಾಗಲಕೋಟೆಯಿಂದ ಹುನಗುಂದ, ಮುದಗಲ್ ದಾಟಿ ಅಲ್ಲಿಗೆ ಬರುವಷ್ಟರಲ್ಲಿ ನನ್ನ ಸೊಂಟ ಯಾವುದು, ಬಸ್ಸಿನ ಸೀಟು ಯಾವುದು ತಿಳಿಯದಂತಾಗಿತ್ತು. ಕೈಯಲ್ಲಿದ್ದ ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮತ್ತು ಹಸಿರು ಮೈ, ಕೆಂಪು ಸೆರಗಿನ ಇಲಕಲ್ ಸೀರೆ ಇದ್ದವು. ರೊಟ್ಟಿ ಯಜಮಾನರಿಗೆ, ಸೀರೆ ಸಮಾರಂಭಕ್ಕೆ. ದೀಪಾವಳಿಗೆ ಅವರೇ ತಂದುಕೊಟ್ಟಿದ್ದ ಸೀರೆ, ಇನ್ನೂ ಮಡಿಕೆ ಬಿಚ್ಚಿರಲಿಲ್ಲ.

ಸಮಾರಂಭದ ವಿಷಯ ಹೇಳಬೇಕು. ಸಿಂಧನೂರಿನ ನಡುಪೇಟೆಯಲ್ಲಿ ನಿಜಾಮರ ಕಾಲದ ಒಂದು ಗಂಜ್ ಇತ್ತು, ಕಲ್ಲಿನ ಕಮಾನುಗಳ ಒಂದು ಸಾಲು ಅಂಗಡಿ. ಕಾಲುವೆ ನೀರಿನ ಹಿಂದೆಯೇ ಊರಿಗೆ ದುಡ್ಡೂ ಹರಿದು ಬಂದಮೇಲೆ, ಅದನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟಬೇಕೆಂದು ಅರ್ಧ ಊರು, ಉಳಿಸಬೇಕೆಂದು ಇನ್ನರ್ಧ ಊರು ವರ್ಷಗಟ್ಟಲೆ ಹಗ್ಗ ಜಗ್ಗಾಡಿತ್ತು. ಉಳಿಸುವವರು ಗೆದ್ದು ಸಮಿತಿ ಮಾಡಿಕೊಂಡು, ಹಳೆಯ ಕಟ್ಟಡಗಳ ಕೆಲಸ ಬಲ್ಲ ನನ್ನ ಯಜಮಾನರನ್ನು ಮೇಲ್ವಿಚಾರಣೆಗೆ ಕರೆಸಿಕೊಂಡಿದ್ದರು. ಆರು ತಿಂಗಳಿಂದ ಅವರು ಅಲ್ಲೇ ಇದ್ದರು. ಕಾರಹುಣ್ಣಿಮೆಯ ಹಿಂದಿನ ದಿನ ರಾಯಚೂರಿನಿಂದ ದೊಡ್ಡ ಸಾಹೇಬರೊಬ್ಬರು ಬಂದು ರಿಬ್ಬನ್ ಕತ್ತರಿಸುವವರಿದ್ದರು. "ಬಂದು ನೋಡು, ಎಲ್ಲಾ ಒಂದ ಗೆರಿಯೊಳಗ ಐತಿ" ಎಂದು ಎಸ್‌ಟಿಡಿ ಬೂತಿನಿಂದ ಫೋನು ಮಾಡಿದ್ದರು. ಮನೆಯಲ್ಲಿ ಉಪ್ಪಿನಕಾಯಿ ಭರಣಿಗಳನ್ನೂ ಗೌಂಡಿಯ ಸೂತದ ದಾರ ಹಿಡಿದು ಸಾಲಾಗಿ ಇಡಿಸುವ ಮನುಷ್ಯ ಅವರು. ಗಂಜ್ ಎಷ್ಟು ನೆಟ್ಟಗಿರಬಹುದೆಂದು ನಾನು ಹೋಗುವ ಮೊದಲೇ ಊಹಿಸಿದ್ದೆ.

ಲಿಂಗಸುಗೂರಿನಿಂದ ಸಿಂಧನೂರಿಗೆ ಐವತ್ತು ಕಿಲೋಮೀಟರಿಗೂ ಮೇಲೆ. ಹಟ್ಟಿ ಗಣಿಯಲ್ಲಿ ರಾತ್ರಿ ಪಾಳಿ ಮುಗಿಸಿದ ಇಬ್ಬರು ನನ್ನ ಮುಂದಿನ ಸೀಟಿನಲ್ಲಿ ಟಿಫಿನ್ ಡಬ್ಬಿ ತಬ್ಬಿಕೊಂಡು ಗೊರಕೆ ಹೊಡೆಯುತ್ತಿದ್ದರು. ಮಸ್ಕಿಯಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಮಿರ್ಚಿ, ಮಂಡಕ್ಕಿ ತಿಂದು ಬಾಯಿ ಉರಿಸಿಕೊಂಡು ಬರುವಷ್ಟರಲ್ಲಿ ನನ್ನ ಪಕ್ಕದಲ್ಲಿ ಒಬ್ಬ ಹರೆಯದ ರೈತ ಖಾಲಿ ಗೋಣಿಚೀಲ ಹಿಡಿದು ಕೂತಿದ್ದ. ಹೆಸರು ದುರುಗಪ್ಪ, ಮಸ್ಕಿ ಹತ್ತಿರದ ಹಳ್ಳಿಯವನು.

"ಸಂತಿಗೇನಪಾ?" ಎಂದೆ.

"ಅಲ್ರೀ ಅವ್ವಾರ. ಎತ್ತಿಗೆ ಗೆಜ್ಜಿ, ಗೊಂಡೆ, ಹುರಿ ತರಾಕ ಹೊಂಟೀನಿ. ಈ ಸರ್ತಿ ನಮ್ಮ ಹೊಸಾ ಜೋಡಿ ಕರಿ ಹರೀತಾವ."

ಕಾರಹುಣ್ಣಿಮೆಯ ದಿನ ಎತ್ತುಗಳನ್ನು ಸಿಂಗರಿಸಿ ಓಡಿಸಿ, ಅಡ್ಡ ಕಟ್ಟಿದ ಕರಿಯ ಹಗ್ಗ ಹರಿಸುವುದು ನಮ್ಮ ಕಡೆಯೂ ಉಂಟು. ಮದುವೆಯಲ್ಲಿ ಮದುಮಗ ಸಪ್ಪಗಿದ್ದರೂ ನಡೆದೀತು, ಅವತ್ತು ಎತ್ತು ಸಪ್ಪಗಿರಬಾರದು. ಮಸ್ಕಿಯಲ್ಲೇ ಗೆಜ್ಜೆ ಸಿಗುವುದಿಲ್ಲವೇ ಎಂದು ಕೇಳಿದೆ.

"ಸಿಗ್ತಾವ್ರೀ. ಆದ್ರ ನಮ್ಮಪ್ಪ, ಗಂಜಿನ್ಯಾಗ ಹಸರ ಬಾಗಲಾ ಐತಿ, ಅಲ್ಲೇ ತರಬೇಕು, ಬ್ಯಾರೆ ಕಡೆ ತಂದ್ರ ಮನಿಗೆ ಬರಬ್ಯಾಡ ಅಂದಾನ. ಅಲ್ಲಿ ಹುರಿ ಎತ್ತಿನ ಕೊಳ್ಳಿಗೆ ಚುಚ್ಚಂಗಿಲ್ಲಂತ."

"ಅಂಗಡಿ ಹೆಸರೇನು?"

"ಹೆಸರ್ಯಾಕ ಬೇಕ್ರೀ? ಹಸರ ಬಾಗಲಾ ಅಂದ್ರ ಮುಗೀತು."

ಮಸ್ಕಿ ದಾಟಿದ ಮೇಲೆ ಗದ್ದೆಗಳು ಶುರುವಾದವು. ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ. ಒಣಗಿದ ಕೂಳೆಯ ನಡುವೆ ಟ್ರ್ಯಾಕ್ಟರುಗಳು ಧೂಳೆಬ್ಬಿಸುತ್ತಿದ್ದವು. ದುರುಗಪ್ಪ ತನ್ನ ಎತ್ತುಗಳ ಗುಣಗಾನ ಮಾಡಿದ, ನಾನು ನನ್ನ ಯಜಮಾನರ ಗುಣಗಾನ ಮಾಡಿದೆ.

ಸಿಂಧನೂರಿನಲ್ಲಿ ಇಬ್ಬರೂ ಕೂಡಿಯೇ ಗಂಜಿಗೆ ನಡೆದೆವು. ಸುಳ್ಳು ಹೇಳಬಾರದು, ನೋಡಿ ನನ್ನ ಕಣ್ಣು ತುಂಬಿತು. ತಗಡಿನ ಚಪ್ಪರಗಳು ಹೋಗಿ ಕಮಾನುಗಳು ಹೊರಬಿದ್ದಿದ್ದವು. ಹೊಸ ಸುಣ್ಣದ ಗಚ್ಚು ಬೆಣ್ಣೆಯಂತೆ ನುಣುಪಾಗಿತ್ತು. ಮುಂದೆ ಅಗಲವಾದ ರಸ್ತೆ, ಮುಚ್ಚಿದ ಗಟಾರ. ಇಷ್ಟನ್ನೂ ನನ್ನ ಗಂಡ ಮಾಡಿಸಿದ್ದಾರಲ್ಲ ಎಂದು ಹೆಮ್ಮೆಯಾಯಿತು.

ದುರುಗಪ್ಪ ಮಾತ್ರ ರಸ್ತೆಯ ನಡುವೆ ನಿಂತುಬಿಟ್ಟಿದ್ದ. "ಅವ್ವಾರ, ಹಸರ ಬಾಗಲಾ ಎಲ್ಲೈತ್ರೀ?"

ಎಲ್ಲ ಬಾಗಿಲೂ ಕಾಫಿ ಬಣ್ಣದವಾಗಿದ್ದವು. ಈ ತುದಿಯಿಂದ ಆ ತುದಿಗೆ ಒಂದೇ ಕಾಫಿ ಬಣ್ಣ, ಒಂದೇ ಅಳತೆಯ ಬೋರ್ಡು, ಒಂದೇ ತರಹದ ಅಕ್ಷರ. ಅಂಗಡಿಯ ಹೊರಗೆ ಸಾಮಾನು ತೂಗುಹಾಕಬಾರದೆಂಬ ಕಟ್ಟಪ್ಪಣೆ ಬೇರೆ. ದುರುಗಪ್ಪನಿಗೆ ಓದು ಬಾರದು. ಅವನು ಹಸಿರು ಬಾಗಿಲೆಂದು ಬಾಯಿಬಿಟ್ಟದ್ದೇ ತಡ, ಹಬ್ಬಕ್ಕೆಂದು ಗೆಜ್ಜೆ ಇಟ್ಟಿದ್ದ ಮೂರು ಅಂಗಡಿಯವರು ಒಟ್ಟಿಗೆ ಕೂಗಿದರು.

"ನಮ್ದ ನೋಡಪಾ ಹಸರ ಇತ್ತು!"

"ಅವಂದು ನೀಲಿ ಇತ್ತಲೇ, ಹಸರ ನಮ್ದು!"

ಮೂರನೆಯ ಅಂಗಡಿಯಿಂದ ಒಬ್ಬ ನಡುವಯಸ್ಸಿನ ಹೆಂಗಸು ಹೊರಬಂದಳು. "ಬಾರೋ ಬೇಟಾ, ಹಸರ ಬಾಗಲಾ ಇದ. ನಿಮ್ಮಪ್ಪ ಇಲ್ಲೇ ಕುಂತು ಚಾ ಕುಡೀತಿದ್ದ."

"ಎಲ್ಲಾರೂ ಹಂಗ ಅಂತೀರಿ" ಎಂದು ದುರುಗಪ್ಪ ಖಾಲಿ ಚೀಲ ಹೆಗಲಿಗೇರಿಸಿ ಎದುರಿನ ಚಹಾದಂಗಡಿಗೆ ಹೋಗಿ ಕೂತ. ಸಂಜೆ ಬಸ್ಸಿಗೆ ಹಾಗೇ ವಾಪಸು ಹೋಗುವುದೆಂದು ನಿಶ್ಚಯಿಸಿದವನಂತಿತ್ತು ಅವನ ಮುಖ.

ಆ ಹೆಂಗಸು ಚಾಂದಬಿ. ಗಂಡ ತೀರಿದ ಮೇಲೆ ಅಂಗಡಿ ನಡೆಸುವವಳು ಅವಳೇ, ಹುರಿ ಹೊಸೆಯುವವಳೂ ಅವಳೇ. ನನ್ನನ್ನು ಗಿರಾಕಿಯೆಂದು ತಿಳಿದು ಒಳಗೆ ಕೂರಿಸಿದಳು. ಗೂಟಗಳ ತುಂಬ ಗೆಜ್ಜೆ, ಗೊಂಡೆಗಳು ಹಾಗೇ ತೂಗುತ್ತಿದ್ದವು.

"ಈ ಮೂರ ದಿನದ ಯಾಪಾರ ನನಗ ವರ್ಷದ ರೊಟ್ಟಿ ಅಕ್ಕಾ. ಬಣ್ಣ ಹಚ್ಚಿದಾಗಿಂದ ಹಳ್ಳಿಯವ್ರು ಬರ್ತಾರ, ಹಸರ ಹುಡಕ್ತಾರ, ಹೋಗ್ತಾರ. ಹುಣ್ಣಿವಿ ದಾಟಿದ್ರ ಈ ಗೆಜ್ಜಿ ಯಾರ ಕಾಲಿಗೆ ಕಟ್ಲಿ, ನನ್ನ ಕಾಲಿಗೇನು?" ನಗುತ್ತಲೇ ಅಂದಳು, ಆದರೆ ಕಣ್ಣು ನಗುತ್ತಿರಲಿಲ್ಲ. ಆಮೇಲೆ ಕೈಯೆತ್ತಿ, "ಈ ಕಾಫಿ ಬಣ್ಣ ಹಚ್ಚಿಸಿದ ಇಂಜನೇರನಿಗೆ ಅವನ ಹೇಂತಿ ವರ್ಷಾನಗಟ್ಲೆ ಸೀದ ರೊಟ್ಟಿನ ಹಾಕ್ಲಿ, ಯಾ ಅಲ್ಲಾ!" ಎಂದಳು.

"ಆತು, ಹಾಕ್ತೀನಿ" ಎಂದೆ.

ಅವಳು ಒಂದು ಗಳಿಗೆ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. ನನಗೆ ನಗು ತಡೆಯಲಿಲ್ಲ, ಅವಳಿಗೂ ತಡೆಯಲಿಲ್ಲ. ನಕ್ಕು ಸಾಕಾದಮೇಲೆ ಹೊರಗೆ ನೋಡಿದರೆ ದುರುಗಪ್ಪ ಚಹಾ ಮುಗಿಸಿ ಎದ್ದಿದ್ದ. ಯೋಚಿಸಲು ಪುರುಸೊತ್ತಿರಲಿಲ್ಲ. ಚೀಲದಿಂದ ಸೀರೆ ಎಳೆದು ಮಡಿಕೆ ಬಿಚ್ಚಿದೆ. ಇಬ್ಬರೂ ಸ್ಟೂಲು ಹತ್ತಿ ಬಾಗಿಲಿನ ಉದ್ದಗಲಕ್ಕೆ ಅದನ್ನು ಇಳಿಬಿಟ್ಟೆವು. ಆ ಕಾಫಿ ಬಣ್ಣದ ಸಾಲಿನಲ್ಲಿ ಅದೊಂದೇ ಹಸಿರು.

ದುರುಗಪ್ಪ ರಸ್ತೆ ನಡುವೆ ಮತ್ತೆ ನಿಂತ. "ಬಾಗಲಾ ಸೀರಿ ಉಟ್ಟೈತಲ್ರೀ!" ಎಂದು ನಗುತ್ತ ಬಂದ. ಬಂದವನು ಒಂದು ಹುರಿ ತೆಗೆದುಕೊಂಡು ತನ್ನ ಕುತ್ತಿಗೆಗೇ ಸುತ್ತಿ ಗಸಗಸ ತಿಕ್ಕಿ ನೋಡಿದ. ಚುಚ್ಚಲಿಲ್ಲ. "ಇದ, ಇದ ಹಸರ ಬಾಗಲಾ!" ಎಂದು ಚೀಲ ತುಂಬಿಕೊಂಡ. ಅವನು ಬಸ್‌ಸ್ಟ್ಯಾಂಡಿನಲ್ಲಿ ಯಾರ್ಯಾರಿಗೆ ಹೇಳಿದನೋ, ಕತ್ತಲಾಗುವುದರೊಳಗೆ ಇನ್ನೂ ಮೂರು ಹಳ್ಳಿಯವರು ಬಂದರು.

ಆಮೇಲೆ ಯಜಮಾನರೂ ಬಂದರು. ಬಾಗಿಲು ನೋಡಿದರು, ಸೀರೆಯ ಗುರುತು ಹಿಡಿದರು, ನನ್ನನ್ನು ನೋಡಿದರು.

"ಇದೇನ ಇದು?"

"ಪಡದಾ."

"ಗೆರಿ ಕೆಡಸಿಬಿಟ್ಟಿ. ಹೆಸರ ಬರದ ಬೋರ್ಡ ಹಾಕ್ಸೀನಿ, ಸಾಲಂಗಿಲ್ಲೇನು?"

"ಓದಾಕ ಬರೋರಿಗೆ ಸಾಲ್ತದ."

ಆ ರಾತ್ರಿ ನಾನು ಬಿಸಿ ರೊಟ್ಟಿ ಬಡಿದೆ, ಅವರು ಮುಖ ಗಂಟಿಕ್ಕಿಕೊಂಡು ತಿಂದರು. ರೊಟ್ಟಿ ಸೀದಿರಲಿಲ್ಲ, ಅಷ್ಟು ದಯೆ ತೋರಿಸಿದ್ದೆ.

ಮರುದಿನ ಪಕ್ಕದ ಅಂಗಡಿಗೆ ಒಂದು ನೀಲಿ ಸೀರೆ ಬಂತು. ಅವನ ಗಿರಾಕಿಗಳೂ ನೀಲಿ ಹುಡುಕಿ ಸಾಕಾಗಿದ್ದರಂತೆ. ಬೆಲ್ಲದಂಗಡಿಗೆ ಹಳದಿ, ಗಾದಿಯಂಗಡಿಗೆ ಕೆಂಪು. ಸಮಾರಂಭದ ಹೊತ್ತಿಗೆ ಗಂಜಿನ ಹೆಂಗಸರ ಟ್ರಂಕುಗಳೆಲ್ಲ ಬಾಗಿಲಿಗೆ ಬಂದಿದ್ದವು. ನಾನು ಹಳೆಯ ವಾಯಿಲ್ ಸೀರೆಯಲ್ಲೇ ಹೋದೆ. ಸಾಹೇಬರು ಇದೆಲ್ಲ ತಮ್ಮ ಸ್ವಾಗತಕ್ಕೆಂದು ತಿಳಿದು ಬಹಳ ಖುಷಿಪಟ್ಟು, ಏನು ಇದರ ಅರ್ಥ ಎಂದು ಕೇಳಿದರು. ಯಜಮಾನರು ನನ್ನ ಕಡೆ ತಿರುಗಿದರು.

"ಅಡ್ರೆಸ್ ರೀ ಸಾಬ್" ಎಂದಳು ಚಾಂದಬಿ.

ಸಾಹೇಬರಿಗೆ ವಿಷಯ ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದಮೇಲೆ ಹೊಟ್ಟೆ ಹಿಡಿದು ನಕ್ಕರು. "ಬಣ್ಣನ ಹಚ್ಚಿಬಿಡ್ರಿ, ಸೀರಿ ಬಿಸಲಿಗೆ ಹಾಳಾಗ್ತಾವ" ಎಂದು ಹೇಳಿ ಕಾರು ಹತ್ತಿದರು. ಸಂಜೆಗೆ ಚಾಂದಬಿಯ ಗೂಟಗಳಲ್ಲಿ ಉಳಿದಿದ್ದವು ನಾಲ್ಕು ಗೊಂಡೆ ಮಾತ್ರ.

ಹುಣ್ಣಿಮೆಯ ದಿನ ನಾನು ಹೊರಟೆ. ಯಜಮಾನರು ಬೆಳಿಗ್ಗೆಯೇ ಎದ್ದು ಹೋಗಿದ್ದರು. ಬಸ್ಸು ಹೊರಡುವ ಹೊತ್ತಿಗೆ ಓಡುತ್ತ ಬಂದು ಕಿಟಕಿಯಿಂದ ಸೀರೆ ಕೊಟ್ಟರು. ಅಂಗಿಯ ತೋಳು, ಹೆಬ್ಬೆರಳು, ಮೂಗಿನ ತುದಿ, ಎಲ್ಲ ಹಸಿರು. ಹಬ್ಬವೆಂದು ಪೇಂಟರುಗಳು ಬಂದಿರಲಿಲ್ಲವಂತೆ.

"ಸೀರಿಗೆ ಒಂದೀಟ ಬಣ್ಣ ಹತ್ತೇತಿ. ತಪ್ಪಾತು" ಎಂದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಆ ಮಾತು ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ಬಣ್ಣಕ್ಕೆ ಹೇಳಿದರೋ ಬಾಗಿಲಿಗೆ ಹೇಳಿದರೋ ನಾನು ಕೇಳಲಿಲ್ಲ.

ಮಸ್ಕಿ ಸಮೀಪಿಸಿದಾಗ ಡ್ರೈವರ್ ಬಸ್ಸು ನಿಲ್ಲಿಸಬೇಕಾಯಿತು. ಕೋಡಿಗೆ ಬಣ್ಣ ಬಳಿದ ಎತ್ತುಗಳು ಗೆಜ್ಜೆ ಸದ್ದು ಮಾಡುತ್ತ ರಸ್ತೆ ತುಂಬ ಹೊರಟಿದ್ದವು. ದುರುಗಪ್ಪನ ಜೋಡಿ ಅವುಗಳಲ್ಲಿತ್ತೋ ಇಲ್ಲವೋ ಧೂಳಿನಲ್ಲಿ ಕಾಣಲಿಲ್ಲ. ನಾನು ಸೀರೆ ಬಿಚ್ಚಿ ಬಣ್ಣದ ಕಲೆ ಹುಡುಕಿದೆ. ಹಸಿರಿನ ಮೇಲೆ ಹಸಿರು, ಕಣ್ಣಿಗೆ ಕಾಣಲಿಲ್ಲ. ಬೆರಳಿಗೆ ಮಾತ್ರ ಅಂಚಿನ ಹತ್ತಿರ ಗಡುಸಾಗಿ ಹತ್ತಿತು. ಇವತ್ತಿಗೂ ಉಟ್ಟಾಗ ಒಮ್ಮೆ ಅಲ್ಲಿ ಬೆರಳಾಡಿಸುತ್ತೇನೆ.