ಮುಕಾದಮನ ನಂಬರು

ಮುಂಬೈ ಬಳಿಯ ಕಲ್ಯಾಣದ ಒಂದು ಆಸ್ಪತ್ರೆಯಲ್ಲಿ, ಸಾಲಿನಲ್ಲಿ ನನ್ನ ಮುಂದೆ ರಾಯಚೂರಿನ ಮಲ್ಲಮ್ಮ ನಿಂತಿದ್ದಳು, ಕಟ್ಟಡದ ಕೂಲಿ. ಕಫ ಪರೀಕ್ಷೆಯ ವರದಿ ಮೊಬೈಲಿಗೆ ಬರುತ್ತದೆಂದು ಕೌಂಟರಿನವನು ಹಿಂದಿಯಲ್ಲಿ ಹೇಳಿದ. ಅದನ್ನು ನಾನು ಕನ್ನಡದಲ್ಲಿ ಹೇಳಿದಾಗ ಆಕೆ ಗಾಬರಿಯಾದಳು.

"ಆ ನಂಬರ್ ನಮ್ಮನ್ನ ಕೆಲಸಕ್ಕ ಕರ್ಕೊಂಡ್ ಬಂದ ಮುಕಾದಮಂದ್ರೀ ಅಣ್ಣಾ. ಆರೋಗ್ಯ ಕಾರ್ಡ್ ಮಾಡ್ಸುವಾಗ ನಮ್ಮ ಗ್ಯಾಂಗಿನವ್ರೆಲ್ಲ ಅವಂದ ಕೊಟ್ಟೀವಿ. ಟೀಬಿ ಅಂತ ಗೊತ್ತಾದ್ರ ಕೆಲಸದಿಂದ ತೆಗೀತಾನ."

ನಂಬರ್ ಬದಲಿಸಿ ಎಂದು ಕೌಂಟರಿನವನಿಗೆ ಹೇಳಿದೆ. ಅದಕ್ಕೂ ಹಳೆಯ ನಂಬರಿಗೇ ಓಟಿಪಿ ಹೋಗುತ್ತದಂತೆ. "ರೂಲ್ ಹೈ ಅಂಕಲ್, ಲೈನ್ ಮತ್ ರೋಕೋ." ನಿಯಮವಂತೆ, ಸಾಲು ತಡೆಯಬಾರದಂತೆ.

ನಾನು ಜಗಳಗಂಟನಲ್ಲ. ಆದರೂ ಕೌಂಟರಿಗೆ ಮೊಣಕೈ ಊರಿ ಕದಲದೆ ನಿಂತೆ. "ಫೋನು ಅವನದು, ಕಾಯಿಲೆ ಈಕೆಯದು. ಬೇರೆ ದಾರಿ ನೋಡಿ" ಎಂದೆ. ಸಾಲಿನಲ್ಲಿ ಹಿಂದಿದ್ದವರು ಬೈದರು. ಕೊನೆಗೆ ಅವನು ಓಟಿಪಿಯ ಬದಲು ಬೆರಳಿನ ಗುರುತು ಹಿಡಿಯುವ ಯಂತ್ರ ತಂದ. ಸಿಮೆಂಟಿಗೆ ಸವೆದ ಬೆರಳುಗಳನ್ನು ಅದು ಒಂದೊಂದಾಗಿ ತಿರಸ್ಕರಿಸಿ, ಕಿರುಬೆರಳನ್ನು ಒಪ್ಪಿಕೊಂಡಿತು. ಮಲ್ಲಮ್ಮ ತಂಗಿಯ ನಂಬರ್ ಕೊಟ್ಟಳು.

ಆಗ ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಓದಿ ಹೇಳಿದೆ: "ನಿಮ್ಮ ಮಾಹಿತಿಯನ್ನು ದೇಶದ ಬೇರೆ ಆಸ್ಪತ್ರೆಗಳ ಜೊತೆ ಹಂಚಿಕೊಳ್ಳಲು ಒಪ್ಪುತ್ತೀರಾ ಅಂತ ಕೇಳ್ತಿದೆ."

"ಸದ್ಯಕ್ಕ ಬ್ಯಾಡ್ರೀ. ಏನಾಗೇತಂತ ಮೊದಲ ನನಗ ಹೇಳ್ಲಿ."

ಪರದೆಯಲ್ಲಿದ್ದದ್ದು 'ಒಪ್ಪುತ್ತೇನೆ' ಎಂಬ ಒಂದೇ ಗುಂಡಿ. ನಾನು ಮತ್ತೆ ಕೌಂಟರಿಗೆ ಮೊಣಕೈ ಊರಿದೆ.