ಹಸುವಿನ ರಕ್ತಕ್ಕೆ ಹೋದ ಮನೆ

ವಾನಳ್ಳಿಯ ಈ ಕೊಟ್ಟಿಗೆ ಇವತ್ತಿನ ಕೊನೆಯದು. ಬೆಳಿಗ್ಗೆಯಿಂದ ದನಗಳ ಕತ್ತು ಹಿಡಿದು ಹಿಡಿದು ನನ್ನ ಭುಜ ಮೇಲೇಳುತ್ತಿಲ್ಲ. ದನಗಳಿಗೆ ಗರ್ಭಪಾತವಾಗುವ ಕಂದು ಹಾಕುವ ರೋಗ ಈ ಕಡೆ ಎಷ್ಟು ಹರಡಿದೆ ಎಂದು ತಿಳಿಯಲು ರಕ್ತ ಸಂಗ್ರಹಿಸುತ್ತ ಊರೂರು ತಿರುಗುವುದೇ ಈಗ ನನ್ನ ಕೆಲಸ.

ಮನೆಯವರೆಲ್ಲ ಉಪನಯನದ ಊಟಕ್ಕೆ ಹೋಗಿದ್ದರು. ಮನೆಯಲ್ಲಿ ಉಳಿದಿದ್ದ ಸಾವಿತ್ರಕ್ಕ ಒಬ್ಬರೇ ಹಸುವನ್ನು ಗೋದಲಿಗೆ ಒತ್ತಿ ಹಿಡಿದರು. ಕಳೆದ ಸಲ ಅದು ದಿನ ತುಂಬುವ ಮೊದಲೇ ಸತ್ತ ಕರು ಹಾಕಿತ್ತು. ನಾನು ಸೀಸೆಗೆ ಬಿರಡೆ ಹಾಕುತ್ತಿದ್ದಾಗ ಅವರು ಸೆರಗು ಸರಿಸಿ ತಮ್ಮ ತೋಳು ಚಾಚಿದರು.

"ಎನ್ನ ರಕ್ತಾನೂ ತಗಳಿ ಡಾಕ್ಟ್ರೇ. ಸಂಜೆಯಾದ್ರೆ ಜ್ವರ ಬತ್ತು, ಕೈಕಾಲಿನ ಸಂದೆಲ್ಲ ನೋಯ್ತು. ಮನೇಲಿ ಎಲ್ಲರೂ ಎನ್ನ ಸೋಂಬೇರಿ ಹೇಳ್ತ."

"ಸತ್ತ ಕರು ಎಳೆದವರು ಯಾರು?"

"ಆನೇ, ಬರಿಗೈಯಲ್ಲಿ," ಎಂದು ತಮ್ಮನ್ನೇ ತೋರಿಸಿಕೊಂಡರು.

ಮನುಷ್ಯರ ರಕ್ತ ನಾನು ತೆಗೆಯುವಂತಿಲ್ಲ ಎಂದೆ. ಹಸುವಿನ ಈ ರೋಗ ಮನುಷ್ಯರಿಗೂ ಅಂಟುತ್ತದೆ, ಇವತ್ತೇ ಆಸ್ಪತ್ರೆಗೆ ತೋರಿಸಿ ಎಂದೂ ಹೇಳಿದೆ. ಅವರು ಹೆದರಬಹುದು ಅಂದುಕೊಂಡಿದ್ದೆ. ಅವರ ಮುಖ ಹಗುರಾಯಿತು.

"ಹಂಗಾರೆ ಇದು ಖರೇ ಕಾಯಿಲೆ," ಎಂದರು.

ಹಾನಗಲ್ ಕಡೆಯ ನಮ್ಮ ಡ್ರೈವರ್ ಜೀಪಿನ ಬಾಗಿಲು ತೆರೆದ. "ಬರ್ರಿ ಅಕ್ಕಾರ, ನಾವೂ ಶಿರಸಿಗೇ ಹೊಂಟೇವಿ."

ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಹೊರಬಂದ ಸಾವಿತ್ರಕ್ಕ ಬಸ್ಸಿಗೆ ಹೊರಡದೆ ನನ್ನೆದುರು ನಿಂತರು.

"ನಿಂಗಳೇ ಬಂದು ಮನೇಲಿ ಹೇಳವು. ಎನ್ನ ಮಾತಿಗೆ ಅಲ್ಲಿ ಬೆಲೆ ಇಲ್ಲೆ."

ನಾನು ಉಳಿದುಕೊಂಡಿದ್ದ ಲಾಡ್ಜು ಎದುರಿನ ರಸ್ತೆಯಲ್ಲೇ ಇತ್ತು. ಮೈ ಹಾಸಿಗೆ ಕೇಳುತ್ತಿತ್ತು. ಆದರೂ ಸಾವಿತ್ರಕ್ಕನ ಜೊತೆ ನಾನೂ ಹತ್ತಿ ಕೂತೆ. ಡ್ರೈವರ್ ಜೀಪನ್ನು ಮತ್ತೆ ವಾನಳ್ಳಿಯ ಕಡೆಗೆ ತಿರುಗಿಸಿದ.